ನಡುವಿನ ಪದ

ಮೂರು ದಿನ ನಡೆಯಿತು ವಿಚಾರಣೆ,
ಹ್ಯಾಡ್ರಿಕ್ ಕೌಂಟಿಯ ಕೋರ್ಟಿನಲ್ಲಿ.
ಮಾತಾಡುವುದು ಸಾಕ್ಷಿಗಳ ಕೆಲಸ,
ಬೆರಳಲ್ಲಿ ಕೇಳಿಸಿಕೊಳ್ಳುವುದು ನನ್ನದು.
ರಕ್ತ ಎಷ್ಟು ಹರಿಯಿತು, ಜಾಕಿಯ ಸರಳು ಎಷ್ಟುದ್ದ,
ಲೆಮ್ಯುಯೆಲ್ ಕ್ರೌಡರ್ ಆ ರಾತ್ರಿ ಕುಡಿದದ್ದೆಷ್ಟು,
ಎಲ್ಲ ಕೇಳಿದರು.
ಯಾವ ಕೌಂಟಿಯಲ್ಲಿ ಎಂದು ಮಾತ್ರ
ಯಾರೂ ಕೇಳಲಿಲ್ಲ.

ಕೇಳುವುದೇನು, ಊರಿಗೆಲ್ಲ ಗೊತ್ತು.
ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತೀರಿ.
ಜಾರ್ಜಿಯಾದ ಕಾನೂನಿಗೆ ಬೇಕು.
ಕಡತದಲ್ಲಿ ಇಲ್ಲದ ಊರು
ಅದರ ಪಾಲಿಗೆ ಭೂಮಿಯ ಮೇಲೂ ಇಲ್ಲ.

ಸರ್ಕಾರಿ ವಕೀಲ ಪಿಂಕ್ನಿ
ಸಾಕ್ಷ್ಯ ಮುಗಿಯಿತೆಂದು ಕೂತ.
ಆರೋಪಿಯ ವಕೀಲೆ ಎದ್ದಳು, ಕನ್ನಡಕ ಒರೆಸಿಕೊಳ್ಳುತ್ತ:
"ಸ್ವಾಮಿ, ಓಕಾಹೂಲಾ ಹೊಳೆಗೆ ಎರಡು ದಡ.
ಆಚೆಯದು ಬೇರೆ ಕೌಂಟಿ, ಬೇರೆ ಜ್ಯೂರಿ.
ಸೇತುವೆಯ ಮೇಲೆ ಏಟು ಬಿತ್ತು, ಒಪ್ಪೋಣ.
ಸೇತುವೆಯ ಯಾವ ಅರ್ಧದಲ್ಲಿ?"
ಪಿಂಕ್ನಿಯ ಕಿವಿ ಕೆಂಪಾದದ್ದನ್ನು
ನಾನು ಬರೆಯುವ ಹಾಗಿಲ್ಲ.

ಮುಗಿದದ್ದು ಮುಗಿಯಿತು, ಅಂದರು ನ್ಯಾಯಾಧೀಶರು.
ಹೊಸ ಮಾತು ಬೇಡ, ಬರೆದಿರುವುದರಲ್ಲಿ ತೋರಿಸಿ.
ನನ್ನ ಕಡೆ ತಿರುಗಿದರು. "ಓದಿ."
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ಆ ಕೋಣೆ ಪೂರ್ತಿ ನನ್ನ ದನಿ ಕೇಳಿತು.

ಕಲ್ಲು ಇಟ್ಟುಕೊಂಡು ಅಕ್ಕಿ ಚೆಲ್ಲುವ ಕೆಲಸ.
ಮೊದಲು ಬಂದದ್ದು ನಮ್ಮ ಶೆರಿಫನ ಕಾರು.
ಹತ್ತಿರ ಇದ್ದದ್ದು ಬಂತು ಅಷ್ಟೆ, ಅಂದಳು ಆಕೆ.
ಹೆಣ ಇಳಿಸಿದ್ದು ನಮ್ಮ ಆಸ್ಪತ್ರೆಯಲ್ಲಿ.
ಹೆಣಕ್ಕೆ ಗಡಿ ಗೊತ್ತೆ, ಅಂದಳು.
ತಾಯಿ ವರ್ಲೀನ್ ಟಿಬ್ಸ್, ಪುಟ ತೊಂಬತ್ತು:
"ಎಲ್ಲಿ ಸತ್ತ ಅಂತೀರಾ? ನನ್ನ ಅಡಿಗೆಮನೆಯಲ್ಲಿ,
ರಾತ್ರಿ ಹನ್ನೊಂದಕ್ಕೆ, ಫೋನು ಎತ್ತಿದಾಗ."
ಏರಿಳಿತವಿಲ್ಲದೆ ಓದಿದೆ. ಹಾಗೇ ಓದಬೇಕು.
ಮೂರನೇ ಸಾಲಿನಲ್ಲಿ ಕೂತಿದ್ದಳು,
ತನ್ನ ಮಾತನ್ನೇ ಬೇರೆ ಯಾರದ್ದೋ ಎಂಬಂತೆ ಕೇಳುತ್ತ.

ಪುಟ ಇನ್ನೂರ ಹನ್ನೆರಡು. ಗಾಡಿ ಎಳೆಯುವ ಆರ್ಲಿಸ್ ಮಿಕ್ಸನ್:
"ಕೋಟಿನ ತೋಳಿಗೆ ಹಸಿ ಬಣ್ಣ ಮೆತ್ತಿತ್ತು,
ಕಂಬಿಯದು. ನಮ್ಮ ಹಸಿರು."

ಪಿಂಕ್ನಿ ಕುರ್ಚಿಯಿಂದ ಅರ್ಧ ಎದ್ದ.
ಜ್ಯೂರಿಯ ಕೈಯಲ್ಲಿ ಫೋಟೋ ಇತ್ತು:
ಸೇತುವೆಯ ಒಂದರ್ಧಕ್ಕೆ ಹೊಸ ಹಸಿರು, ಇನ್ನರ್ಧಕ್ಕೆ ತುಕ್ಕು.
ಬಣ್ಣದವನು ಗೆರೆ ಹಾಕಿದಂತೆ ನಡುವೆಯೇ ನಿಲ್ಲಿಸಿದ್ದ,
ಅವನ ಕೂಲಿ ಅಲ್ಲಿಗೇ ಮುಗಿದಿತ್ತು.
ಯಾವ ಕೌಂಟಿ ಬಳಿಸಿತು,
ಯಾವ ಕೌಂಟಿ ದುಡ್ಡಿಲ್ಲವೆಂದು ಬಿಟ್ಟಿತು,
ಫೋಟೋ ಹೇಳುವುದಿಲ್ಲ.
ಹೇಳುವುದು ಆ ಒಂದು ಪದ.

ಸಾಂದರ್ಭಿಕವಾದರೂ ಸಾಕ್ಷ್ಯವೇ, ಅಂದರು ನ್ಯಾಯಾಧೀಶರು.
ಸಾಕೋ ಸಾಲದೋ ಜ್ಯೂರಿ ನೋಡಲಿ.
ನಲವತ್ತು ನಿಮಿಷ ನೋಡಿದರು.
ಕ್ರೌಡರ್ ಜೀವ ಇರುವತನಕ ಒಳಗೆ.

ನಿಮಗೊಂದು ಹೇಳುತ್ತೇನೆ, ಇದು ದಾಖಲೆಗಲ್ಲ.
ಆರ್ಲಿಸ್ ಸಾಕ್ಷಿ ಹೇಳಿದ ದಿನ
ಫ್ಯಾನು ಕರಕರ ಅನ್ನುತ್ತಿತ್ತು.
ಅವನೋ ತಂಬಾಕು ದವಡೆಗೊತ್ತಿಕೊಂಡೇ ಮಾತಾಡುವವ.
ಕಂಬಿ ಅಂದ. ಹಸಿರು ಅಂದ.
ನಡುವಿನದು ಅವನು ಅಂದದ್ದೋ,
ಇದೇ ದಡದಲ್ಲಿ ಹುಟ್ಟಿದ ನನ್ನ ಬೆರಳು ಸೇರಿಸಿದ್ದೋ.

ಸಂಜೆ ಮನೆಯ ದಾರಿ ಬಿಟ್ಟು ಸೇತುವೆಗೆ ಹೋದೆ.
ನಡುವೆ ನಿಂತು ಕಂಬಿ ಮುಟ್ಟಿದೆ.
ಬಣ್ಣ ಒಣಗಿದೆ, ಕೈಗೆ ಬರುವುದಿಲ್ಲ.
ತುಕ್ಕು ಬಂತು.
ಹಿಂದಿನಿಂದ ಲಾರಿಯವನೊಬ್ಬ ಹಾರ್ನ್ ಹೊಡೆದ,
ಯಾವ ಕೌಂಟಿಯವನೋ.