ಎಂಟು ಎಂ.ಎಂ. ತೂತು

ನಮ್ಮ ಕಲಬುರಗಿಯಾಗ ಎಲ್ಲಾ ಕಲ್ಲು.
ನೆಲ ಶಹಾಬಾದ್ ಪರಸಿ, ಮೆಟ್ಟಿಲು ಪರಸಿ,
ಅಡಿಗಿ ಕಟ್ಟಿ ಪರಸಿ, ಬಚ್ಚಲದಾಗೂ ಪರಸಿ.
ಏಪ್ರಿಲ್ ಮಧ್ಯಾಹ್ನ ಅದರ ಮ್ಯಾಲ
ಬರಿಗಾಲು ಇಟ್ಟವರಿಗೆ ಗೊತ್ತು.
ಅದಕ್ಕೇ ಇರಬೇಕು
ನಂಗ ಕಟಗಿ ಮ್ಯಾಲ ಮನಸ್ಸು.

ವಾರ ಪೂರ್ತಿ ಬ್ಯಾಂಕಿನ ಕೌಂಟರಿನಾಗ
ಮಂದಿ ರೊಕ್ಕ ಎಣಿಸ್ತೀನಿ.
ರವಿವಾರ ಮಗನ ಹಳೇ ಪ್ಯಾಂಟು ಹಾಕ್ಕೊಂಡು
ಮಾಳಿಗಿ ಏರ್ತೀನಿ.
ಅಲ್ಲಿ ತಗಡಿನ ನೆರಳಾಗ
ಒಂದು ಡ್ರಿಲ್ಲು, ಒಂದು ಜಿಗ್‌ಸಾ, ಒಂದು ಉಜ್ಜೋ ಮಷೀನು.
ಬಿಲ್ಕಿಸ್ ಆಪಾ, ಸುಗಲಾಬಾಯಿ, ನಾನು
ಭಿಸಿ ಎತ್ತಿದ ರೊಕ್ಕದಾಗ ಕೊಂಡಿದ್ದು.
ಬಂಗಾರ ಮಾಡಿಸ್ಕೊಳ್ರಿ ಅಂದಿದ್ರು ಮನಿಯವರು.
ಬಂಗಾರ ಕೈಯಾಗ ಹಿಡದ್ರ
ಹಿಂಗ ಗುರ್ರ್ ಅಂತದೇನು?

ಸೂಪರ್ ಮಾರ್ಕೆಟಿನ ಅಂಗಡಿಯಾಗ
ಎಂಟು ಎಂ.ಎಂ. ಬಿಟ್ ಕೊಡ್ರಿ, ಕಟಗೀದು, ಅಂದೆ.
ಬಡಿಗ್ಯಾಗ ಫೋನ್ ಹಚ್ಚಿ ಕೊಡ್ರಿ ಅಕ್ಕಾ,
ಅವಗೇ ಕೇಳ್ತೀನಿ, ಅಂದ.
ನನಗ ನಾನೇ ಹೆಂಗ ಫೋನ್ ಹಚ್ಚಲಿ?

ಕೇಳೋರದೆಲ್ಲಾ ಒಂದೇ ಮಾತು: ಯಾರಿಗೆ? ಮಾರ್ಲಿಕ್ಕೇನು?
ರೊಟ್ಟಿ ಬಡದ್ರ ಯಾರಿಗಂತ ಗೊತ್ತು,
ಕೌದಿ ಹೊಲದ್ರ ಯಾವ ಕೂಸಿಗಂತ ಗೊತ್ತು.
ಈ ಸ್ಟೂಲಿಗೆ ಮಾತ್ರ ಯಾರೂ ಇಲ್ಲ.
ಮದಲ ಒಂದು ಕಾಲು ಗಿಡ್ಡ ಇತ್ತು.
ಉಳಿದ ಮೂರೂ ಕೊಯ್ದಿವಿ, ಈಗ ಇನ್ನೊಂದು ಗಿಡ್ಡ.
ಹಿಂಗ ಕೊಯ್ಕೋತ ಹೋದ್ರ ಮಣಿ ಆಗ್ತದ
ಅಂತ ಆಪಾ ನಕ್ಕು ನಕ್ಕು ನೆಲಕ್ಕ ಕುಂತಳು.

ಇವತ್ತು ಬೇವಿನ ಹಲಗಿ.
ಗಾಳಿಗೆ ಬಿದ್ದ ಸಾಲಿ ಅಂಗಳದ ಗಿಡ.
ಹೊಟ್ಟು ತುಟಿಗೆ ಹತ್ತಿದ್ರ
ಯುಗಾದಿ ದಿನದಷ್ಟು ಕಹಿ.
ಬ್ಲೇಡು ಅರ್ಧ ಹಲಗಿಯೊಳಗಿದ್ದಾಗ
ಕರೆಂಟ್ ಹೋತು.
ಕೆಳಗ ಮೋಟರಿನ ಗುಂಯ್ ನಿಂತು,
ಯಾರದೋ ಮನಿ ಟಿವಿ ನಿಂತು,
ನನ್ನ ಮೊಳಕೈ ತನಕ ನಡುಕ ಮಾತ್ರ ನಿಲ್ಲಲಿಲ್ಲ.

ಯಾಕ, ಬಂದ್ ಆತಲ್ಲ?
ಬಾಜೂ ಮಾಳಿಗಿ ಗೌರಾಬಾಯಿ.
ಆರು ತಿಂಗಳಿಂದ ಆಕಿದು ಒಂದೇ ತಕರಾರು,
ನಿಮ್ಮ ಗದ್ದಲಕ್ಕ ತಲಿ ಹಾರಿ ಹೋಗ್ತದ ಅಂತ.
ಮೆಣಸಿನಕಾಯಿ ಹರವೋದು ಬಿಟ್ಟು
ಸೀರಿ ಮೊಣಕಾಲ ತನಕ ಎತ್ತಿ
ಗ್ವಾಡಿ ದಾಟೇ ಬಂದಳು, ಎಪ್ಪತ್ತರ ಮುದುಕಿ.
ಸ್ಟೂಲಿನ ಮ್ಯಾಲ ಕುಂತಳು. ಟಕ್ ಅಂತು.
ಬೇಕಂತಲೇ ವಾಲಿದಳು. ಮತ್ತ ಟಕ್.

ಒಂದು ಚಿಟಿಕಿ ಹೊಟ್ಟು ಮೂಗಿಗೆ ಹಿಡದು
ಬೇವು, ಅಂದಳು. ಇನ್ನಾ ಹಸಿ ಅದ.
ಇನ್ನೊಂದು ಬ್ಯಾಸಗಿ ಒಣಗಬೇಕಿತ್ತು.
ನಿಮಗ ಹೆಂಗ ಗೊತ್ರೀ?
ನಮ್ಮಪ್ಪ ಬಂಡಿ ಗಾಲಿ ಮಾಡ್ತಿದ್ದ.
ಅಣ್ಣಗೋಳ ಕೈಗೆ ಉಳಿ ಕೊಟ್ಟ,
ನನ್ನ ಕೈಗೆ ಕಸಬರಿಗಿ.

ಚಹಾ ಕುಡದ ಕಪ್ಪು ಹಂಗೇ ಇದ್ವು,
ಕರೆಂಟ್ ಬಂತು.
ಒಂದು ತೂತು ಕೊರೀತೀನಿ, ತಾ.

ಚಷ್ಮಾದ ಮ್ಯಾಲ ಇನ್ನೊಂದು ಚಷ್ಮಾ.
ಬಳಿ ಮ್ಯಾಲ ಸರಿಸಿ ರಬ್ಬರ್ ಹಾಕಿದಿವಿ,
ಸುಗಲಾಬಾಯಿ ಹಿಂದಿನಿಂದ ಸೆರಗು ಹಿಡಕೊಂಡಳು
ಮದುವಿ ಹೆಣ್ಣಿಂದು ಹಿಡದಂಗ.
ಎಲ್ಲಿ ಕೊರೀಲಿ?
ನಿಮಗ ಎಲ್ಲಿ ಬೇಕೋ ಅಲ್ಲಿ.
ಬಾಳ ಹೊತ್ತು ತುಂಡು ಹಲಗಿ ತಿರುವಿ ತಿರುವಿ ನೋಡಿದಳು.
ಆಮ್ಯಾಲ ಒತ್ತಿದಳು.
ಹೊಟ್ಟು ಸುರುಳಿ ಸುರುಳಿ ಎದ್ದು
ಆಕಿ ಬಿಳೇ ಕೂದಲಾಗ ಕುಂತ್ತು.

ತೂತು ಬಿತ್ತು.
ಹಲಗಿ ಎತ್ತಿ ಕಣ್ಣಿಗೆ ಹಚ್ಕೊಂಡು ನಿಂತಳು,
ಉಸಿರು ಸೈತ ಬಿಡದಂಗ.
ಏನ್ ಕಾಣ್ತದ್ರೀ ಆಯಿ?

ನಿಮ್ಮ ಟಾಕಿ.
ತುಂಬಿ ಹರೀಲಾಕತ್ತದ, ಮೋಟರ್ ಬಂದ್ ಮಾಡು ಹೋಗು.

ಪರಸಿ ಸುಡೋದೂ ನೋಡದ
ಬರಿಗಾಲಾಗ ಓಡಿದೆ.
ತಿರುಗಿ ಮ್ಯಾಲ ಬಂದ್ರ
ಯಾರನ್ನೂ ಕೇಳದ
ಎರಡನೇದು ಕೊರೀಲಾಕತ್ತಾಳ.