ನಡಾವಳಿಯಾಗ ಬರೀದ ಮಾತು

ತಿಂಗಳ ಎರಡನೇ ಮಂಗಳವಾರ ನಮಗ ಸೂಟಿ.
ಅಕ್ಕಲಕೋಟ ಸ್ಟ್ಯಾಂಡಿನ ಹಿಂದ, ಹಿಟ್ಟಿನ ಗಿರಣಿ ಮ್ಯಾಲಿನ ಖೋಲಿಯೊಳಗ
ಕೀಲಿ ರಿಪೇರಿಯವರ ಸಂಘದ ಸಭಾ.
ಮೆಟ್ಟಿಲ ತುಂಬ ಜ್ವಾಳದ ಹಿಟ್ಟು.
ಹತ್ತಿ ಬಂದವರೆಲ್ಲ ಅರ್ಧ ಮುದುಕರು.

ನಾ ಕಾರ್ಯದರ್ಶಿ. ಅಕ್ಷರ ಚಲೋ ಅದಾವ ಅಂತ ಆರಿಸಿದರು,
ಕೆಲಸ ಚಲೋ ಅದ ಅಂತಲ್ಲ.
ಹಾಜರಿ ಬರದೆ:
ದುಧನಿಯ ಚಾಂದಸಾಬ, ಮೈಂದರ್ಗಿಯ ಸಿದ್ರಾಮ ಬಡಿಗೇರ,
ವಾಗದರಿಯಿಂದ ಅಪ್ಪನ ಬದಲಿಗೆ ಬಂದ ಹುಡುಗಿ ತಹಸೀನಾ,
ಚಾ ಕುಡದು ಸಹಿ ಮಾಡದ ಹೋಗೋ ಲಾಯಪ್ಪ.

ಕಲಿಸಾಕ ಬಂದವರು ಸೋಲಾಪುರದ ವಾಘಮೋಡೆ ಮಾಸ್ತರ.
"ತೀ ಕಿಲ್ಲಿ ದ್ಯಾ" ಅಂದರು.
ಸಿದ್ರಾಮ ಕೀಲಿ ಎತ್ತಿ ಕೊಟ್ಟ, ಅರ್ಧ ಕಿಲೋ ಕಬ್ಬಿಣ.
"ಹೇ ಕುಲೂಪ! ಕಿಲ್ಲಿ, ಕಿಲ್ಲಿ!"
ಅವರಿಗೆ ತೆಗಿಯೋದು ಕಿಲ್ಲಿ, ನಮಗ ಹಾಕೋದು ಕೀಲಿ.
ಒಂದ ತಾಲೂಕಿನ ನೀರು ಕುಡದು
ಇಷ್ಟು ವರ್ಷ ಹೆಂಗ ಬಾಗಲಾ ತಗದೀವೋ!
ಎಲ್ಲಾರೂ ನಕ್ಕರು, ಗಿರಣಿ ಪಟ್ಟಾ ಹರದಂಗ.

ಮುಂಜಾನಿ ಪಾಠ, ಕಾರಿನ ಕೀಲಿಕೈಯೊಳಗಿನ ಚಿಪ್ಪು.
ಮಶೀನಿನ ಬೆಲಿ ಕೇಳಿ ಚಾಂದಸಾಬ
ತನ್ನ ಕಾನಸು ಅರಿವ್ಯಾಗ ಸುತ್ತಿ ಕಿಸೆದಾಗ ಇಟ್ಟ,
ಕೆಟ್ಟ ಮಾತು ಬೀಳಬಾರದಂತ ಕೂಸಿನ ಕಿವಿ ಮುಚ್ಚಿದಂಗ.

ಮಧ್ಯಾಹ್ನ ಕಣ್ಣು ಕಟ್ಟಿ ತೆಗಿಯೋದು. ಒಳಗ ಐದು ಪಿನ್ನು.
ಕೆಳಗ ಗಿರಣಿ ಗುಡುಗುಡು.
ಟವೆಲು ಬಿಚ್ಚಿ ತಹಸೀನಾ ಕೆಳಗಿಳದಳು:
"ಕಾಕಾ, ಹತ್ತು ನಿಮಿಷ ಬಂದ್ ಮಾಡ್ರಿ."
ಡಬ್ಬಿ ಹಿಡದು ನಿಂತ ಹೆಂಗಸರು ಬೈದರು. ಗಿರಣಿ ನಿಂತಿತು.
ಒಂದು. ಎರಡು. ಮೂರನೇದು ಸಾಲಗಾರನಂಗ
ಬಂದೆ ಬಂದೆ ಅಂದು ಬರಲಿಲ್ಲ. ನಾಕು. ತಿರುಗಿ ಮೂರು.
ಐದು ಅನ್ನೂದರೊಳಗ ಕೊಂಡಿ ಜಿಗದು ನಿಂತಿತ್ತು.
ಚಾಂದಸಾಬ ಚಪ್ಪಾಳಿ ಹೊಡೀಲಿಲ್ಲ.
ಕಾನಸು ತಗದು ಆಕಿ ಮುಂದ ಇಟ್ಟ.
"ಧಾರಿ ಹೋಗ್ಯಾದ. ಹಿಡಿಕಿ ಚಲೋ ಅದ."

ಕಡೀ ಪಾಠಕ್ಕ ಸಾಮಾನು ಬೇಕಾಗಿರಲಿಲ್ಲ.
"ತೆಗಿಬಾರದ ಕೀಲಿ ಯಾರಾರ ತಗದೀರೇನು? ಕೈ ಎತ್ತರಿ."
ಈ ಸಲ ಕನ್ನಡದಾಗ ಕೇಳಿದರು ಮಾಸ್ತರ,
ಹರಕು ಮುರಕು ಕನ್ನಡ, ಎಲ್ಲಾರಿಗೂ ತಿಳೀತು.
ಒಬ್ಬ ಉಗುರು ನೋಡಿದ, ಒಬ್ಬ ಫ್ಯಾನು.
ನಾ ಪುಸ್ತಕದ ಮ್ಯಾಲೆ ಬಗ್ಗಿ ಬರಕೋತ ಕುಂತೆ.

ಆರು ವರ್ಷದ ಹಿಂದ, ಬ್ಯಾಗೇಹಳ್ಳಿ ರೋಡಿನ ಒಂದು ಮನಿ.
"ಹೆಂಡ್ತಿ ದವಾಖಾನ್ಯಾಗ ಅದಾಳ, ಕೀಲಿಕೈ ಸಿಗವಲ್ದು" ಅಂದ.
ಹಸರು ಟ್ರಂಕು. ನೂರು ರೂಪಾಯಿ. ಎರಡು ನಿಮಿಷ ಸೈತ ಹಿಡೀಲಿಲ್ಲ.
ಒಳಗ ಬಂಗಾರ ಇರಲಿಲ್ಲ.
ಹತ್ತನೇ ಇಯತ್ತೆ ಗುಣಪತ್ರಿಕಾ, ಹೊಲಿಗಿ ಕ್ಲಾಸಿನ ಪಾವತಿ,
ಪೋಸ್ಟಿನ ಪಾಸಬುಕ್ಕು.
ಅಂವ ಪಾಸಬುಕ್ಕಷ್ಟ ತಗೊಂಡ.
ಬಾಗಲದಾಗ ನಿಂತ ಹುಡುಗ, ನಾಕು ವರ್ಷದ್ದು ಇದ್ದೀತು,
"ಅವ್ವ ಸಂತಿಗೆ ಹೋಗ್ಯಾಳ" ಅಂತು.
ನನಗ ಕೇಳಿಸಿತು. ನಾ ಚಿಲ್ಲರ ಎಣಿಸಿದೆ.

ನಡಾವಳಿಯಾಗ ಬರದೆ: ವಿಷಯ ನಾಕು, ಚರ್ಚಾ ಆತು.
ಯಾರೂ ಕೈ ಎತ್ತಲಿಲ್ಲ.
ಇನ್ನ ಮುಂದ ಹೆಸರು, ಊರು, ಕೀಲಿ ಯಾರದು,
ಕೇಳಿ ಬರಕೊಳ್ಳೂದು ಅಂತ ಠರಾವು.
ಲಾಯಪ್ಪನೂ ಸಹಿ ಮಾಡಿದ.

ಮೆಟ್ಟಿಲ ಇಳಿಯೂಮುಂದ ಮಾಸ್ತರ ಕೇಳಿದರು:
"ನೀವು ಕೀಲಿಕೈ ಅಂತೀರಲ್ಲ, ಆ ಕೈ ಯಾರದು?"
ಗಿರಣಿ ಮತ್ತ ಸುರು ಆಗಿತ್ತು,
ಕೇಳಿಸಲಿಲ್ಲ ಅನ್ನೂವಂಗ ನಕ್ಕೆ.
ಕಠಡಾ ಹಿಡದು ಇಳದೆ.
ಹಿಟ್ಟಿನ್ಯಾಗ ಐದೂ ಬೆರಳು ಮೂಡಿದವು.