ಖಾಲಿ ಹಾಳೆಯ ಲೆಕ್ಕ

ಅಮ್ಮ ಇದೇ ಕಟ್ಟಡದಲ್ಲಿ ಹಾಳೆ ಎಣಿಸುತ್ತಿದ್ದಳು.
ಕ್ಯುಮಿ ನದಿಯ ದಡದ ಕಾಗದದ ಗಿರಣಿ, ಮೂರನೆಯ ಅಂತಸ್ತು;
ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ, ಹೆಬ್ಬೆರಳಿಗೆ ಎಂಜಲು ಹಚ್ಚಿ,
ಐದೈದಾಗಿ, ತುಟಿ ಅಲ್ಲಾಡಿಸದೆ.
ಸಂಜೆ ಕಾಫಿಯ ಬಟ್ಟಲು ಹಿಡಿದಾಗ ನೋಡುತ್ತಿದ್ದೆ:
ಅವಳ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ.

ಗಿರಣಿ ಮುಚ್ಚಿತು. ಅದೇ ಗೋಡೆ, ಅದೇ ಹೊಳೆಯ ತಣ್ಣೀರು,
ಈಗ ಒಳಗೆ ಯಂತ್ರಗಳು, ಯಂತ್ರಗಳೊಳಗೆ
ಇಲ್ಲದ ಯಂತ್ರಗಳು.
ನನ್ನದು ರಾತ್ರಿ ಪಾಳಿ. ನಾನೂ ಹಾಳೆ ಎಣಿಸುತ್ತೇನೆ,
ನಾಲ್ಕು ಸಾವಿರದ ತೊಂಬತ್ತಾರು ಬೈಟಿನ ಹಾಳೆ.
ಎಂಜಲು ಬೇಕಿಲ್ಲ.

ಹದಿಮೂರನೆಯ ಸಾಲಿನ ಈ ಒಂದು ಪೆಟ್ಟಿಗೆಯಲ್ಲಿ
ಹನ್ನೊಂದು ಮಂದಿ ಬಿಡಾರ ಹೂಡಿದ್ದಾರೆ:
ಊರಿನ ಲೈಬ್ರರಿ, ಬಂದರಿನ ಕ್ರೇನುಗಳ ಸರದಿ,
ಒಬ್ಬ ಹಲ್ಲಿನ ಡಾಕ್ಟರು, ರೊಟ್ಟಿ ಕಾರ್ಖಾನೆಯ ಸಂಬಳದ ಖಾತೆ...
ಒಬ್ಬೊಬ್ಬರಿಗೂ ಇಡೀ ಮನೆ ತನ್ನದೆಂಬ ನಂಬಿಕೆ.
ಎಲ್ಲರಿಗೂ ಕೊಟ್ಟ ಮಾತನ್ನು ಕೂಡಿಸಿದರೆ
ಇರುವುದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ;
ಇಲ್ಲಿ ಹಾಸಿಗೆ ಒಂದು, ಕಾಲು ಇಪ್ಪತ್ತೆರಡು.
ಎಲ್ಲರೂ ಒಮ್ಮೆಗೇ ಚಾಚಲಾರರೆಂಬ ಧೈರ್ಯದಲ್ಲಿ
ನಡೆಯುತ್ತಿದೆ ಸಂಸಾರ.

ಆತಿಥೇಯ ಕುರುಡ.
ಮನೆ ಕಟ್ಟಿದವನೇ, ಆದರೆ ಕೋಣೆಯೊಳಗೆ
ಯಾವ ಹಾಳೆ ಈಗ ಓದುತ್ತಿರುವುದು, ಯಾವುದು
ಎಂದೋ ಬರೆದು ಮರೆತದ್ದು, ಅವನಿಗೆ ಕಾಣದು.
ಅದು ಅತಿಥಿಗಷ್ಟೇ ಗೊತ್ತು.
ಅತಿಥಿಗೋ, ತಾನು ಅತಿಥಿ ಎಂಬುದೇ ಗೊತ್ತಿಲ್ಲ.

ಅದಕ್ಕೇ ಬಲೂನು.
ಜಾಗ ಸಾಲದಾದಾಗ ಕೋಣೆಕೋಣೆಯಲ್ಲೂ ಮೆಲ್ಲಗೆ ಉಬ್ಬುತ್ತದೆ.
ಅತಿಥಿ ಗೊಣಗುತ್ತ ಸಾಮಾನು ಸರಿಸಿ,
ಬೇಡದ್ದನ್ನು ತಾನೇ ಆರಿಸಿ ಅದರ ಬಾಯಿಗೆ ಹಾಕುತ್ತಾನೆ.
ಬಲೂನಿನೊಳಗೆ ಗಾಳಿಯೂ ಇಲ್ಲ.
ನುಂಗಿದ ಹಾಳೆ ಆಗಲೇ ಪಕ್ಕದ ಮನೆಯಲ್ಲಿ
ಇನ್ನೊಬ್ಬರ ಅಕ್ಷರ ಹೊತ್ತು ಕೂತಿರುತ್ತದೆ.

ಈ ರಾತ್ರಿ ಎರಡೂ ನಲವತ್ತಕ್ಕೆ ಕೆಂಪು ದೀಪ.
ರೊಟ್ಟಿಯವರ ಕೋಣೆಯಲ್ಲಿ ಬಲೂನೇ ಇಲ್ಲ!
"ಯಾರೋ ನಮ್ಮ ಮೆಮೊರಿ ಕದಿಯುತ್ತಿದ್ದಾರೆ" ಎಂದು
ಅವರ ಉರ್ಪೊ ಕಳೆದ ವಾರ ಕಿತ್ತುಹಾಕಿದ್ದ.
ಕೇಳಲು ಬಾಯಿಲ್ಲದ ಆತಿಥೇಯ
ಕೈಗೆ ಸಿಕ್ಕ ಹಾಳೆಯನ್ನು ಡಿಸ್ಕಿನ ಉಗ್ರಾಣಕ್ಕೆ ಒಯ್ದ.
ಅದೇ ಹೊತ್ತಿಗೆ ಅತಿಥಿಗೂ ಆ ಹಾಳೆಯೇ ಬೇಡವೆನಿಸಿತು.
ಎಸೆಯಲು ಹುಡುಕಿದರೆ ಅದಾಗಲೇ ಹೊರಗೆ;
ಎಸೆಯುವುದಕ್ಕೆಂದೇ ಮತ್ತೆ ಒಳಗೆ ತರಬೇಕು.
ತಂದರು. ಎಸೆದರು. ಮತ್ತೊಂದು ತಂದರು.
ನೂರ ಎಂಬತ್ತು ಜನರ ಸಂಬಳ
ಹೊಸ್ತಿಲಲ್ಲೇ ಒಳಹೊರಗೆ ಓಡಾಡಿತು.

ಉರ್ಪೊನನ್ನು ಎಬ್ಬಿಸಿದೆ.
"ದುಡ್ಡು ಕೊಟ್ಟಿದ್ದೇವೆ. ಅರವತ್ತನಾಲ್ಕು ಗಿಗಾಬೈಟೂ ನಮ್ಮದು."
ನಿಮ್ಮದೇ. ಬಳಸುವುದು ಹನ್ನೊಂದು.
ಉಳಿದದ್ದೆಲ್ಲ ನೀವು ಕಾಯುತ್ತಿರುವ ಖಾಲಿ ಹಾಳೆ.
ಸುಮ್ಮನಾದ. ನಮ್ಮ ಕಡೆ ಫೋನಿನಲ್ಲಿ ಸುಮ್ಮನಾದರೆ
ಮಾತು ಮುಗಿಯಿತೆಂದಲ್ಲ.
ಅವನ ಅಡುಗೆಮನೆಯ ಫ್ರಿಜ್ಜು ಗುಂಯ್ಗುಡುವುದು ಕೇಳುತ್ತಿತ್ತು.
"ಹಾಕು," ಎಂದ. "ಒಮ್ಮೆಗೇ ಊದಬೇಡ."

ಒಮ್ಮೆಗೇ ಊದಿದರೆ ಅತಿಥಿ ಹೆದರಿ
ತನ್ನ ಮಕ್ಕಳನ್ನೇ ಒಂದೊಂದಾಗಿ ಕೊಲ್ಲತೊಡಗುತ್ತಾನೆ, ನನಗೂ ಗೊತ್ತು.
ನಿಧಾನಕ್ಕೆ ಬಿಟ್ಟೆ, ಹಸುಗೂಸಿಗೆ ಬಿಸಿನೀರು ಹೊಯ್ಯುವಷ್ಟು.

ಉರ್ಪೊನಿಗೆ ಒಂದನ್ನು ಹೇಳಲಿಲ್ಲ:
ಹನ್ನೊಂದು ಮನೆಯ ಬರೀ ಸೊನ್ನೆಯ ಹಾಳೆಗಳು,
ಲಕ್ಷಗಟ್ಟಲೆ, ನಿಜದಲ್ಲಿ ಒಂದೇ ಒಂದು ಹಾಳೆ.
ಎಲ್ಲರೂ ಅದನ್ನೇ ನೋಡಿ ನನ್ನದು ಎನ್ನುತ್ತಾರೆ.
ಯಾರಾದರೂ ಮೊದಲ ಅಕ್ಷರ ಊರಿದಾಗಷ್ಟೇ
ಅವರಿಗೆಂದು ಬೇರೆಯದೊಂದು.

ಐದಕ್ಕೆ ಸಂಬಳ ಮುಗಿಯಿತು. ಬಲೂನುಗಳು ಇಳಿದವು.
ಹೊರಗೆ ಹೊಳೆಯ ಮೇಲೆ ಹಬೆ, ಸೇತುವೆಯಲ್ಲಿ ರೊಟ್ಟಿಯ ವ್ಯಾನು.
ಕೈಗವಸು ಹಾಕುವ ಮುನ್ನ ದೀಪಕ್ಕೆ ಹೆಬ್ಬೆರಳು ಹಿಡಿದೆ:
ಗೆರೆಗಳು ಹಾಗೇ ಇವೆ.
ರಾತ್ರಿಯಿಡೀ ಎಣಿಸಿದ್ದು
ಒಂದೂ ಕೈಗೆ ತಾಗಿಲ್ಲ.